ಮರ ಎಣಿಸಿ ದುಡ್ಡು ಕೊಡ್ತಾರಂತೆ, ಸಹಿ ಹಾಕಬಹುದಾ ಮೇಡಂ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಭೂಮಿಯ ಬಿಸಿ ಏರಿಸುತ್ತಿರುವ ಕಾರ್ಬನ್ ಡೈಆಕ್ಸೈಡ್ ಅನಿಲದ ಬಗ್ಗೆಯೇ ಇವೆ. ಒಳ್ಳೆಯದೇ ಆಯಿತು, ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಇಡುತ್ತೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಹಾಸನದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು. ಈಗ ಸಕಲೇಶಪುರದ ಹತ್ತಿರ ನಮ್ಮ ಮನೆಯ ಕಾಫಿ ತೋಟ ನೋಡಿಕೊಳ್ಳುತ್ತೇನೆ. ಹವಾಮಾನ ಉಳಿಸುವ ಯೋಜನೆ ಅಂತ ಯಾರು ಏನೇ ಹೇಳಿದರೂ ನಾನು ಕೇಳುವುದು ಎರಡೇ ಪ್ರಶ್ನೆ. ಈ ಇಂಗಾಲ ಎಲ್ಲಿಂದ ಬಂತು? ಹಿಡಿದ ಮೇಲೆ ಎಲ್ಲಿ, ಎಷ್ಟು ವರ್ಷ ಇರುತ್ತದೆ? ಕೆಳಗಿನ ಉತ್ತರಗಳನ್ನು ಓದುವಾಗ ನೀವೂ ಇವೆರಡನ್ನು ಕೇಳಿಕೊಳ್ಳಿ.

ಪ್ರಶ್ನೆ: ನಮ್ಮದು ಹನ್ನೆರಡು ಎಕರೆ ತೋಟ. ಸಿಲ್ವರ್ ಮರ (ಸಿಲ್ವರ್ ಓಕ್) ಜಾಸ್ತಿ ಇದೆ. ಒಬ್ಬರು ಬಂದು, ನಿಮ್ಮ ಮರಗಳು ಕಾರ್ಬನ್ ಹೀರುತ್ತವೆ, ಅದಕ್ಕೆ ಹೊರದೇಶದ ಕಂಪನಿಗಳು ದುಡ್ಡು ಕೊಡುತ್ತವೆ, 30 ವರ್ಷದ ಕರಾರಿಗೆ ಸಹಿ ಹಾಕಿ ಎನ್ನುತ್ತಿದ್ದಾರೆ. ಹಾಕಬಹುದಾ ಮೇಡಂ?
— ಒಬ್ಬ ಬೆಳೆಗಾರರು, ಮೂಡಿಗೆರೆ

ಈಗಲೇ ಬೇಡ. ಕರಾರಿನ ಪ್ರತಿಯನ್ನು ಮನೆಗೆ ತನ್ನಿ. ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿ. ನಿಮ್ಮ ವಕೀಲರಿಗೆ ತೋರಿಸಿ. ಅಲ್ಲಿಯ ತನಕ ಪೆನ್ನು ಮುಟ್ಟಬೇಡಿ.

ಮೊದಲು ಲೆಕ್ಕ ನೋಡೋಣ. ಕಂಪನಿಗಳು ತಾವು ಬಿಡುವ ಹೊಗೆಗೆ ಬದಲಾಗಿ ಕೊಳ್ಳುವುದು ಕಾರ್ಬನ್ ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ಗಾಳಿಯಿಂದ ತೆಗೆದ ಅಥವಾ ಗಾಳಿಗೆ ಸೇರದಂತೆ ತಡೆದ ಒಂದು ಟನ್ ಕಾರ್ಬನ್ ಡೈಆಕ್ಸೈಡ್. ಮರದ ಒಣ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಇಂಗಾಲದ ಪರಮಾಣು ತೂಕ 12. ಅದಕ್ಕೆ ಎರಡು ಆಕ್ಸಿಜನ್ ಸೇರಿದರೆ 44. ಅಂದರೆ ಮರದಲ್ಲಿ ಒಂದು ಕೆ.ಜಿ. ಇಂಗಾಲ ಕೂತಿದ್ದರೆ ಗಾಳಿಯಿಂದ 3.67 ಕೆ.ಜಿ. ಅನಿಲ ಇಳಿದಿದೆ ಎಂದರ್ಥ. ಒಣಗಿದ ಮೇಲೆ 500 ಕೆ.ಜಿ. ತೂಗುವ ಸಿಲ್ವರ್ ಮರ ಹಿಡಿದಿಟ್ಟಿರುವುದು 900 ಕೆ.ಜಿ. ಚಿಲ್ಲರೆ ಅನಿಲ. ಅಷ್ಟು ದಪ್ಪ ಆಗಲು ಎಷ್ಟು ವರ್ಷ ಹಿಡಿಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಷ್ಟು ವರ್ಷ ಬೆಳೆದ ಇಡೀ ಮರಕ್ಕೆ ಒಂದು ಕ್ರೆಡಿಟ್ ಕೂಡ ಪೂರ್ತಿ ಬರುವುದಿಲ್ಲ. 'ಮರಕ್ಕೆ ವರ್ಷಕ್ಕೆ ಇಷ್ಟು' ಎಂದು ಯಾರಾದರೂ ದೊಡ್ಡ ಮೊತ್ತ ಹೇಳಿದರೆ ಈ ಲೆಕ್ಕವನ್ನು ಅವರ ಮುಂದೆ ಇಟ್ಟು ನೋಡಿ.

ಎರಡನೆಯದು ಇನ್ನೂ ಮುಖ್ಯ. ನಿಮ್ಮ ಮರಗಳು ಈಗಾಗಲೇ ಇವೆ. ನಿಮ್ಮ ತಂದೆ ನೆಟ್ಟಿರಬಹುದು, ಮೆಣಸಿನ ಬಳ್ಳಿ ಹಬ್ಬಿಸಲು ನೀವೇ ನೆಟ್ಟಿರಬಹುದು. ಯಾರೂ ದುಡ್ಡು ಕೊಡದೇ ಇದ್ದರೂ ಅವು ಬೆಳೆಯುತ್ತಿದ್ದವು. ಕ್ರೆಡಿಟ್ ಕೊಡಬೇಕಾದದ್ದು, ಈ ದುಡ್ಡಿನಿಂದಲೇ ಹೊಸದಾಗಿ ಏನು ಆಯಿತೋ ಅದಕ್ಕೆ ಮಾತ್ರ. ಇದ್ದ ಮರಗಳನ್ನೇ ತೋರಿಸಿ ಕ್ರೆಡಿಟ್ ಮಾರಿದರೆ, ಕೊಂಡ ಕಂಪನಿ ತನ್ನ ಚಿಮಣಿಯಿಂದ ಅಷ್ಟೇ ಹೊಗೆ ಬಿಡುತ್ತದೆ. ಗಾಳಿಯಲ್ಲಿ ಒಂದು ಗ್ರಾಂ ಕೂಡ ಕಡಿಮೆ ಆಗಿರುವುದಿಲ್ಲ. ನಿಮ್ಮ ತೋಟದ ಹೆಸರಲ್ಲಿ ಅಂಥ ವ್ಯಾಪಾರ ಆಗುವುದು ನಿಮಗೂ ಇಷ್ಟವಾಗಲಿಕ್ಕಿಲ್ಲ.

ಮೂರನೆಯದು 30 ವರ್ಷ. ಸಿಲ್ವರ್ ಮರ ನಮ್ಮ ಕಡೆ ಕಷ್ಟಕಾಲಕ್ಕೆ ಆಗುವ ಮರ. ಕಾಫಿ ರೇಟು ಬಿದ್ದ ವರ್ಷ, ಮಗಳ ಮದುವೆ, ಆಸ್ಪತ್ರೆ ಖರ್ಚು ಬಂದಾಗ ನಾಲ್ಕು ಲೋಡು ಕಡಿಸಿ ಮಾರುತ್ತೇವೆ. ಕಡಿಯಲು ಇಲಾಖೆ ಅನುಮತಿಯ ರಗಳೆಯೂ ಇಲ್ಲ. ಕರಾರಿನ ಮೇಲೆ ಆ ದಾರಿ ಮುಚ್ಚಿಹೋಗುತ್ತದಾ ಕೇಳಿ. ಮಳೆಗೆ ಮುಂಚೆ ಮರಕಸಿ (ನೆರಳಿನ ಕೊಂಬೆ ಸವರುವುದು) ಮಾಡಿಸಬಹುದಾ, ಅದನ್ನೂ ಕೇಳಿ. ಮರಕಸಿ ಆಗದೆ ನೆರಳು ದಟ್ಟವಾದರೆ ಮಳೆಗಾಲದಲ್ಲಿ ಕೊಳೆರೋಗ ಗ್ಯಾರಂಟಿ ಅಲ್ವಾ? ಗಾಳಿಮಳೆಗೆ ಮರ ಬುಡಸಮೇತ ಉರುಳಿದರೆ ನಷ್ಟ ಯಾರದು? ಅಳತೆ ಮಾಡುವವರು ಯಾರು, ಎಷ್ಟು ವರ್ಷಕ್ಕೊಮ್ಮೆ? ಟೇಪು ಹಿಡಿದು ಎದೆಮಟ್ಟದಲ್ಲಿ ಸುತ್ತಳತೆ ತೆಗೆಯುತ್ತಾರಾ, ಅಥವಾ ಉಪಗ್ರಹದ ಚಿತ್ರ ನೋಡಿ ಅಂದಾಜು ಹಾಕುತ್ತಾರಾ? ಮಾರಾಟದ ಬೆಲೆಯಲ್ಲಿ ನಿಮ್ಮ ಪಾಲು ಎಷ್ಟು ಎಂಬುದು ಕರಾರಿನಲ್ಲೇ ಬರೆದಿರಬೇಕು. ಬಾಯಿಮಾತು ಬೇಡ.

ಕಾರ್ಬನ್ ಮಾರುಕಟ್ಟೆಯೇ ಮೋಸ ಅಂತ ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ದೇಶದೊಳಗೇ ಕಾರ್ಬನ್ ಕ್ರೆಡಿಟ್ ವ್ಯಾಪಾರಕ್ಕೆ ಯೋಜನೆ ಪ್ರಕಟಿಸಿದೆ. ಪಾಳುಬಿದ್ದ ಜಾಗದಲ್ಲಿ, ಬೋಳಾದ ದಿಬ್ಬದಲ್ಲಿ ಹೊಸದಾಗಿ ಕಾಡುಮರ ನೆಟ್ಟು ಸಾಕುವುದಿದ್ದರೆ ಅದು ನಿಜವಾದ ಕೆಲಸ, ಅದಕ್ಕೆ ದುಡ್ಡು ಸಿಗಲೇಬೇಕು.

ನಿಮ್ಮ ತೋಟದಲ್ಲಿ ಹಳೆಯ ಬೀಟೆ, ಮತ್ತಿ, ನಂದಿ, ಅತ್ತಿ, ಹಲಸು ಉಳಿದಿದ್ದರೆ ದಯವಿಟ್ಟು ಅವನ್ನು ಕಡಿಸಬೇಡಿ. ಬೀಟೆ, ಮತ್ತಿಯ ಕಟ್ಟಿಗೆ ಸಿಲ್ವರ್‌ಗಿಂತ ತೂಕ. ತೂಕ ಜಾಸ್ತಿ ಎಂದರೆ ಅಷ್ಟೇ ಗಾತ್ರದ ಮರದಲ್ಲಿ ಇಂಗಾಲವೂ ಜಾಸ್ತಿ. ಇಬ್ಬರು ತಬ್ಬಿದರೂ ಕೈಗೆ ಸಿಗದ ಒಂದು ಮರ ಉರುಳಿದರೆ, ಅದರ ಬದಲು ನೆಟ್ಟ ಸಸಿಗಳು ಆ ಲೆಕ್ಕ ತುಂಬಿಸುವ ಹೊತ್ತಿಗೆ ನಮ್ಮ ಮೊಮ್ಮಕ್ಕಳಿಗೆ ವಯಸ್ಸಾಗಿರುತ್ತದೆ.

ಪ್ರಶ್ನೆ: ನಾವು ಉಸಿರು ಬಿಡುವಾಗಲೂ ಇದೇ ಅನಿಲ ಬರುತ್ತದೆ. ಹಾಗಾದರೆ ಜನಸಂಖ್ಯೆ ಜಾಸ್ತಿಯಾದದ್ದೇ ಇದಕ್ಕೆಲ್ಲ ಕಾರಣ ಅಲ್ಲವೇ?
— ಕಡೂರಿನ ಓದುಗರು

ಅಲ್ಲ. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾನೆ, ನಿಜ. ಆದರೆ ಆ ಇಂಗಾಲ ಬಂದದ್ದು ಉಂಡ ಮುದ್ದೆಯಿಂದ, ಅನ್ನದಿಂದ. ರಾಗಿ ಪೈರು ಅದನ್ನು ಕಳೆದ ಮಳೆಗಾಲದಲ್ಲಿ ಇದೇ ಗಾಳಿಯಿಂದ ಎಳೆದುಕೊಂಡಿತ್ತು. ತೆಗೆದುಕೊಂಡದ್ದು ವಾಪಸ್ ಹೋಯಿತು, ಅಷ್ಟೇ. ಕಲ್ಲಿದ್ದಲಿನ ಕಥೆ ಬೇರೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚಿನದು 25 ಕೋಟಿ ವರ್ಷಕ್ಕೂ ಹಿಂದಿನ ಕಾಡು. ಅಷ್ಟು ಕಾಲ ನೆಲದಡಿ ಇದ್ದ ಇಂಗಾಲವನ್ನು ನೂರಿನ್ನೂರು ವರ್ಷಗಳಲ್ಲಿ ಮೇಲೆ ತಂದು ಸುಡುತ್ತಿದ್ದೇವೆ.

ಪ್ರಶ್ನೆ: ಗಾಳಿಯಲ್ಲಿ ಜಾಸ್ತಿಯಾಗಿರುವುದು ನಮ್ಮಿಂದಲೇ, ಜ್ವಾಲಾಮುಖಿಗಳಿಂದ ಅಲ್ಲ ಅಂತ ವಿಜ್ಞಾನಿಗಳಿಗೆ ಹೇಗೆ ಗೊತ್ತಾಗುತ್ತದೆ? ಅನಿಲಕ್ಕೆ ಹೆಸರು ಬರೆದಿರುತ್ತದೆಯೇ?
— ನಿವೃತ್ತ ಶಿಕ್ಷಕರು, ತರೀಕೆರೆ

ಬರೆದಿರುತ್ತದೆ ಮೇಷ್ಟ್ರೇ! ಗಾಳಿಯಲ್ಲಿರುವ ಇಂಗಾಲದಲ್ಲಿ ಕಾರ್ಬನ್-14 ಎಂಬ ಬಗೆ ಬಹಳ ಸ್ವಲ್ಪ ಇರುತ್ತದೆ. ಅದು ತನ್ನಷ್ಟಕ್ಕೆ ಕ್ಷಯಿಸುತ್ತಾ 5,730 ವರ್ಷಕ್ಕೊಮ್ಮೆ ಅರ್ಧ ಆಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ, ಪೆಟ್ರೋಲಿನಲ್ಲಿ ಅದು ಒಂಚೂರೂ ಉಳಿದಿಲ್ಲ. ನಾವು ಕಲ್ಲಿದ್ದಲು ಸುಟ್ಟಷ್ಟೂ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗುತ್ತದೆ. 1950ರ ದಶಕದಲ್ಲಿ ಹಾನ್ಸ್ ಸೂಸ್ ಎಂಬ ವಿಜ್ಞಾನಿ ಮರದ ವರ್ಷದುಂಗುರಗಳಲ್ಲಿ ಇದನ್ನು ಕಂಡುಹಿಡಿದರು. ಇನ್ನು ಜ್ವಾಲಾಮುಖಿಗಳು. ಅವು ಬಿಡುವುದು ನಾವು ಬಿಡುವುದರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ.

ಅಳತೆಯ ಕೆಲಸ ಸರಿಯಾಗಿ ಶುರುವಾದದ್ದು 1958ರಲ್ಲಿ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಅವರು ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಯಂತ್ರ ಇಟ್ಟರು. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 315 ಪಾಲು ಈ ಅನಿಲ ಇತ್ತು. 2024ರ ಸರಾಸರಿ 424ರ ಆಸುಪಾಸು. ಕಾರ್ಖಾನೆಗಳ ಕಾಲಕ್ಕೆ ಮುಂಚೆ 280 ಇತ್ತೆಂದು ಹಿಮದೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳಿಂದ ಗೊತ್ತಾಗಿದೆ. ಈ ಅಳತೆಗಳಿಂದ ಎಳೆದ ಕೀಲಿಂಗ್ ಅವರ ಗ್ರಾಫಿನ ಗೆರೆಯನ್ನು ಹತ್ತಿರದಿಂದ ನೋಡಿದರೆ ಪ್ರತಿ ವರ್ಷ ಒಂದು ಏರು, ಒಂದು ಇಳಿತ ಕಾಣುತ್ತದೆ. ಮೇ ತಿಂಗಳಲ್ಲಿ ಏರು. ಉತ್ತರದ ಕಾಡುಗಳು ಚಿಗುರಿ ಹೀರತೊಡಗಿದ ಮೇಲೆ ಇಳಿಯುತ್ತಾ ಬಂದು, ಸೆಪ್ಟೆಂಬರ್ ಹೊತ್ತಿಗೆ ತಳ ಮುಟ್ಟುತ್ತದೆ. ನಾನು ಎಷ್ಟು ವರ್ಷದಿಂದ ನೋಡುತ್ತಿದ್ದರೂ ಆ ಗೆರೆ ನೋಡಿದಾಗ ಮೈ ಜುಂ ಎನ್ನುತ್ತದೆ. ಭೂಮಿಯ ಮೇಲಿನ ಎಲೆಗಳೆಲ್ಲ ಸೇರಿ ಉಸಿರಾಡುವುದು ಒಂದು ಕಾಗದದ ಮೇಲೆ ಕಾಣುತ್ತದಲ್ಲ! ನಮ್ಮ ಪಕ್ಕದ ಗೋವಾದ ಕಾಬೊ ದೆ ರಾಮಾ ಕಡಲತೀರದಲ್ಲೂ 1993ರಲ್ಲೇ ಸೀಸೆಗಳಲ್ಲಿ ಗಾಳಿ ತುಂಬಿ ಇಂಥ ಅಳತೆ ಶುರು ಮಾಡಿದ್ದರು.

ಪ್ರಶ್ನೆ: ನಾನು ಪಿಯುಸಿ ಸೈನ್ಸ್. ಚಿಮಣಿಯಿಂದ ಬರುವ ಕಾರ್ಬನ್ ಡೈಆಕ್ಸೈಡನ್ನು ಅಲ್ಲೇ ಹಿಡಿದು ಸೋಡಾ, ಗೊಬ್ಬರ ಏನಾದರೂ ಮಾಡಿಬಿಟ್ಟರೆ ಸಮಸ್ಯೆ ಮುಗಿಯುತ್ತದಲ್ಲವೇ ಮಿಸ್? ಯಾಕೆ ಎಲ್ಲರೂ ಮಾಡುತ್ತಿಲ್ಲ?
— ವಿದ್ಯಾರ್ಥಿನಿ, ಹಾಸನ

ಹಿಡಿಯಲು ಬರುತ್ತದೆ ಕಣಮ್ಮ. ನೀನು ಮುಂದಿನ ವರ್ಷ ಓದುವ ಅಮೈನ್ ಪಾಠ ಇದೆಯಲ್ಲ, ಅದೇ ಇಲ್ಲಿ ಕೆಲಸಕ್ಕೆ ಬರುವುದು. ಅಮೈನ್ ಬೆರೆಸಿದ ನೀರಿನ ತುಂತುರಿನ ಮೂಲಕ ಹೊಗೆಯನ್ನು ಹಾಯಿಸುತ್ತಾರೆ. ಕಾರ್ಬನ್ ಡೈಆಕ್ಸೈಡ್ ಆಮ್ಲದ ಗುಣದ್ದು, ಅಮೈನ್ ಕ್ಷಾರ. ಎರಡೂ ಅಂಟಿಕೊಳ್ಳುತ್ತವೆ. ಹೊಗೆಯಲ್ಲಿರುವ ಸಾರಜನಕ ಸುಮ್ನೆ ಮೇಲೆ ಹೋಗುತ್ತದೆ. ಆಮೇಲೆ ಆ ದ್ರಾವಣವನ್ನು ಬೇರೆ ಗೋಪುರಕ್ಕೆ ಪಂಪ್ ಮಾಡಿ ಸುಮಾರು 120 ಡಿಗ್ರಿಗೆ ಕಾಯಿಸಿದರೆ ಅನಿಲ ಬಿಟ್ಟುಕೊಂಡು ಶುದ್ಧವಾಗಿ ಹೊರಬರುತ್ತದೆ. ಅಮೈನ್ ಮತ್ತೆ ಮೊದಲ ಗೋಪುರಕ್ಕೆ. ಇದರ ಪೇಟೆಂಟು 1930ರದ್ದು. ಹೊಸ ವಿದ್ಯೆ ಏನಲ್ಲ.

ಕಷ್ಟ ಇರುವುದು ಆ ಕಾಯಿಸುವುದರಲ್ಲಿ. ಕಲ್ಲಿದ್ದಲು ಸ್ಥಾವರಕ್ಕೆ ಇದನ್ನು ಜೋಡಿಸಿದರೆ ಅದು ಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಇದಕ್ಕೇ ಹೋಗುತ್ತದೆ. ಅಷ್ಟು ಕರೆಂಟು ಬೇಕೆಂದರೆ ಇನ್ನಷ್ಟು ಕಲ್ಲಿದ್ದಲು ಸುಡಬೇಕು. ಅಮೈನ್ ಬದಲು ಕಡಿಮೆ ಬಿಸಿಗೇ ಬಿಟ್ಟುಕೊಡುವ ವಸ್ತು ಯಾವುದು ಎಂಬ ಹುಡುಕಾಟ ಅದಕ್ಕಾಗಿಯೇ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮತ್ತು ಐಐಟಿ ಬಾಂಬೆಯಲ್ಲಿ ಇದಕ್ಕೇ ಅಂತ ರಾಷ್ಟ್ರೀಯ ಕೇಂದ್ರಗಳಿವೆ. ಜಕ್ಕೂರಿನವರು ಈ ಅನಿಲವನ್ನು ಮೆಥನಾಲ್ ಮಾಡುವ ಕೆಲಸದಲ್ಲಿ ಹೆಸರು ಮಾಡಿದ್ದಾರೆ. ಮುಂದೆ ಏನು ಓದಬೇಕು ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ಕೆಮಿಸ್ಟ್ರಿ ಬಿಡಬೇಡ. ಆ ಜಕ್ಕೂರಿನ ಗೇಟು ನಿನ್ನಂಥವರಿಗೇ ಇರುವುದು.

ಈಗ ಗೊಬ್ಬರದ ವಿಷಯ. ಯೂರಿಯಾ ಕಾರ್ಖಾನೆಗಳು ಇದನ್ನು ಮೊದಲಿಂದಲೂ ಮಾಡುತ್ತಿವೆ. ಅಮೋನಿಯಾ ತಯಾರಿಸುವಾಗ ಹುಟ್ಟುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದು, ಅಮೋನಿಯಾ ಜೊತೆ ಸೇರಿಸಿದರೆ ಯೂರಿಯಾ. ಆದರೆ ಗದ್ದೆಗೆ ಎರಚಿದ ಕೆಲವೇ ದಿನದಲ್ಲಿ ಯೂರಿಯಾ ಒಡೆದು ಅಷ್ಟೂ ಅನಿಲ ಬಿಟ್ಟುಕೊಳ್ಳುತ್ತದೆ. 60 ತೂಕದ ಯೂರಿಯಾದಿಂದ 44 ತೂಕದ ಅನಿಲ. ಮನೆಯಲ್ಲಿ 45 ಕೆ.ಜಿ. ಚೀಲ ಇದ್ದರೆ ಅದರೊಳಗೆ 33 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಕೂತಿದೆ ಅಂತ ಲೆಕ್ಕ. ಸೋಡಾದ ಕಥೆಯೂ ಅಷ್ಟೇ, ಮುಚ್ಚಳ ತೆಗೆಯುವ ತನಕ ಮಾತ್ರ. ನಾನು ಮೊದಲು ಹೇಳಿದ ಎರಡನೇ ಪ್ರಶ್ನೆ ಇಲ್ಲಿ ಬರುತ್ತದೆ ನೋಡು. ಬಳಸಿದ್ದೆಲ್ಲ ಉಳಿಸಿದ್ದು ಅಲ್ಲ. ತೂತ್ತುಕುಡಿಯಲ್ಲಿ 2016ರಿಂದ ಒಂದು ಕಾರ್ಖಾನೆ ತನ್ನ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಸೋಡಾ ಬೂದಿ (ಗಾಜು ಮಾಡಲು ಬಳಸುವ ಕ್ಷಾರದ ಪುಡಿ, ಕುಡಿಯುವ ಸೋಡಾ ಅಲ್ಲ) ಮಾಡುವ ವ್ಯವಸ್ಥೆ ಕಟ್ಟಿತು. ಬೇರೆ ಕಡೆಯಿಂದ ತರಿಸುವ ಅನಿಲ ಉಳಿಯಿತು, ಅಷ್ಟರ ಮಟ್ಟಿಗೆ ನಿಜವಾದ ಲಾಭ. ಆದರೆ ಸೋಡಾ ಬೂದಿ ಗಾಜಿನ ಕುಲುಮೆಗೆ ಹೋದರೆ ಅಲ್ಲಿ ಮತ್ತೆ ಅನಿಲ ಹೊರಗೆ.

ಸಾವಿರಾರು ವರ್ಷ ಉಳಿಯಬೇಕೆಂದರೆ ನೆಲದೊಳಗೆ ಇಳಿಸಬೇಕು. ನಾರ್ವೆ ದೇಶದವರು 1996ರಿಂದ ಉತ್ತರ ಸಮುದ್ರದ ತಳದ ಕೆಳಗಿನ ಮರಳುಗಲ್ಲಿಗೆ ವರ್ಷಕ್ಕೆ ಹತ್ತು ಲಕ್ಷ ಟನ್ ಹತ್ತಿರ ತುಂಬಿಸುತ್ತಾ ಬಂದರು. ಸ್ಲೈಪ್ನರ್ ಎಂದು ಆ ಜಾಗದ ಹೆಸರು. ಯಾಕೆ ಮಾಡಿದರು ಗೊತ್ತಾ? 1991ರಲ್ಲಿ ಅಲ್ಲಿನ ಸರ್ಕಾರ ಹೊಗೆಗೆ ತೆರಿಗೆ ಹಾಕಿತು. ಗಾಳಿಗೆ ಬಿಡುವುದಕ್ಕಿಂತ ನೆಲಕ್ಕೆ ಇಳಿಸುವುದು ಅಗ್ಗವಾಯಿತು. ಐಸ್‌ಲ್ಯಾಂಡಿನವರದು ಇನ್ನೂ ಸೊಗಸು. ಅನಿಲವನ್ನು ನೀರಿನಲ್ಲಿ ಕರಗಿಸಿ ಲಾವಾ ತಣಿದು ಆದ ಬಸಾಲ್ಟ್ ಎಂಬ ಕಪ್ಪು ಬಂಡೆಗೆ ಇಳಿಸಿದರು. ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಕಲ್ಲೇ ಆಗಿಹೋಗಿತ್ತು. 2016ರಲ್ಲಿ ಆ ಫಲಿತಾಂಶ ಹೊರಬಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ. ಆದರೆ ಒಂದು ಟನ್ ಅನಿಲಕ್ಕೆ ಇಪ್ಪತ್ತು ಟನ್‌ಗೂ ಮಿಕ್ಕಿ ನೀರು ಬೇಕು.

ಇನ್ನು ಚಿಮಣಿ ಬಿಟ್ಟು ಬರೀ ಗಾಳಿಯಿಂದ ಹಿಡಿಯುವ ಯಂತ್ರಗಳು. ಚಿಮಣಿ ಹೊಗೆಯಲ್ಲಿ ಈ ಅನಿಲ ನೂರಕ್ಕೆ 12-15 ಪಾಲು. ಗಾಳಿಯಲ್ಲಿ 2,400ಕ್ಕೆ ಒಂದು ಪಾಲು. ರಾಗಿ ಚೀಲದಲ್ಲಿ ಬೆರೆತ ಸಾಸಿವೆ ಕಾಳನ್ನು ಹೆಕ್ಕಿದ ಹಾಗೆ. ಐಸ್‌ಲ್ಯಾಂಡಿನಲ್ಲೇ 2021ರಲ್ಲಿ ವರ್ಷಕ್ಕೆ 4,000 ಟನ್, 2024ರಲ್ಲಿ 36,000 ಟನ್ ಸಾಮರ್ಥ್ಯದ ಸ್ಥಾವರಗಳು ಶುರುವಾದವು. ಜಗತ್ತು ವರ್ಷಕ್ಕೆ ಸುಡುವ ಕಲ್ಲಿದ್ದಲು, ತೈಲ, ಅನಿಲದಿಂದ ಹೊರಬರುವುದು ಸುಮಾರು 3,700 ಕೋಟಿ ಟನ್. ಎಲ್ಲ ಬಗೆಯ ಹಿಡಿಯುವ ಸ್ಥಾವರಗಳ ಸಾಮರ್ಥ್ಯ ಕೂಡಿಸಿದರೂ 5 ಕೋಟಿ ಟನ್ ಆಸುಪಾಸು. ಎರಡೂ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದು ನೋಡು. ಹಿಡಿಯುವ ವಿದ್ಯೆ ಬೇಕೇ ಬೇಕು. ಸಿಮೆಂಟು, ಉಕ್ಕಿನಂಥ ಕಡೆ ಬೇರೆ ದಾರಿ ಕಡಿಮೆ. ಆದರೆ ಸುಡುವುದನ್ನು ಕಡಿಮೆ ಮಾಡದೆ ಬರೀ ಹಿಡಿಯುತ್ತಾ ಹೋದರೆ ಮುಗಿಯುವ ಲೆಕ್ಕ ಇದಲ್ಲ.

ಪ್ರಶ್ನೆ: ಕರೆಂಟ್ ಸ್ಕೂಟರಿಗೂ ಕಲ್ಲಿದ್ದಲಿನ ಕರೆಂಟೇ ತಾನೇ? ಏನು ಉಪಯೋಗ?
— ಬೇಲೂರಿನ ಓದುಗರು

ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲಿಗೆ 2.3 ಕೆ.ಜಿ. ಅನಿಲ. 50 ಕಿ.ಮೀ. ಮೈಲೇಜ್ ಕೊಟ್ಟರೆ ಕಿ.ಮೀ.ಗೆ 46 ಗ್ರಾಂ. ದೇಶದ ಸರಾಸರಿ ಕರೆಂಟಿಗೆ ಯೂನಿಟ್‌ಗೆ ಸುಮಾರು 700 ಗ್ರಾಂ. ಒಂದು ಯೂನಿಟ್‌ನಲ್ಲಿ 30 ಕಿ.ಮೀ. ಓಡಿದರೆ ಕಿ.ಮೀ.ಗೆ 23 ಗ್ರಾಂ. ಇವತ್ತಿನ ಕಲ್ಲಿದ್ದಲಿನ ಕರೆಂಟಿನಲ್ಲೇ ಅರ್ಧ ಆಯಿತು. ಹಗಲು ಹೊತ್ತು ಚಾರ್ಜ್ ಮಾಡಿ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್ ಸಾಮರ್ಥ್ಯದ್ದು, ಬಿಸಿಲು ಇರುವಾಗಲೇ ಅದರ ಕೆಲಸ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇನೆ. ಸಿಮೆಂಟಿನಿಂದಲೂ ಹೊಗೆ ಎನ್ನುತ್ತಾರೆ. ಏನು ನೋಡಿಕೊಳ್ಳಬೇಕು?
— ಹಾಸನದ ಗೃಹಿಣಿ

ಜಗತ್ತಿನ ಕಾರ್ಬನ್ ಡೈಆಕ್ಸೈಡಿನಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಧನದ್ದಲ್ಲ, ಸುಣ್ಣದಕಲ್ಲಿನ ಒಳಗೇ ಇದ್ದದ್ದು. ಕಲ್ಲು ಕಾಯಿಸಿದಾಗ ಅದು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಸೋಲಾರ್ ಒಲೆಯಲ್ಲಿ ಸಿಮೆಂಟ್ ಬೇಯಿಸಿದರೂ ಅಷ್ಟು ಅನಿಲ ಬಂದೇ ಬರುತ್ತದೆ. ಉಪಾಯ ಏನೆಂದರೆ ಸುಟ್ಟ ಸುಣ್ಣದಕಲ್ಲಿನ ಪಾಲು ಕಡಿಮೆ ಮಾಡುವುದು. ಕಲ್ಲಿದ್ದಲು ಸ್ಥಾವರದ ಹಾರುಬೂದಿ ಸೇರಿಸಿದ ಪಿಪಿಸಿ ಸಿಮೆಂಟ್, ಉಕ್ಕಿನ ಕಾರ್ಖಾನೆಯ ಕಿಟ್ಟ ಸೇರಿಸಿದ ಸ್ಲ್ಯಾಗ್ ಸಿಮೆಂಟ್ ಎರಡೂ ಹಾಸನದಲ್ಲೇ ಸಿಗುತ್ತವೆ. ಮನೆಯ ಕೆಲಸಕ್ಕೆ ಧಾರಾಳ ಸಾಕು. ಮೇಸ್ತ್ರಿ 'ಬೇಗ ಸೆಟ್ ಆಗಲ್ಲ' ಎಂದು ಗೊಣಗಬಹುದು. ಕ್ಯೂರಿಂಗ್ ಎರಡು ವಾರ ಸರಿಯಾಗಿ ಮಾಡಿಸಿ, ಗಟ್ಟಿಯಾಗುತ್ತದೆ. ಸುಟ್ಟ ಜೇಡಿಮಣ್ಣು, ಸುಡದ ಸುಣ್ಣದಕಲ್ಲು ಬೆರೆಸುವ ಎಲ್‌ಸಿ3 ಎಂಬ ಹೊಸ ಬಗೆಯ ಸಿಮೆಂಟ್‌ನಲ್ಲಿ ಅನಿಲ ನೂರಕ್ಕೆ 30-40ರಷ್ಟು ಕಡಿಮೆ. ಸ್ವಿಟ್ಜರ್ಲೆಂಡಿನವರ ಜೊತೆ ನಮ್ಮ ಐಐಟಿಗಳೂ ಅದರಲ್ಲಿ ದುಡಿದಿವೆ.

ಪ್ರಶ್ನೆ: ನಾವು ತೆಂಗಿನ ಕರಟ ಸುಟ್ಟು ಇದ್ದಿಲು ಮಾಡಿ ಮಾರುತ್ತೇವೆ. ಇದ್ದಿಲಿನಿಂದ ಕಾರ್ಬನ್ ಹಿಡಿಯಬಹುದು ಎಂದು ಮೊಬೈಲಿನಲ್ಲಿ ನೋಡಿದೆ. ನಮ್ಮದೂ ಅದೇ ಕೆಲಸವೇ?
— ಅರಸೀಕೆರೆಯ ಓದುಗರು

ಅರ್ಧ ಅದೇ ಕೆಲಸ. ಕರಟದ ಇಂಗಾಲ ತೆಂಗಿನ ಮರ ಗಾಳಿಯಿಂದ ತಂದದ್ದು. ಹಾಗೇ ಬಿಟ್ಟರೆ ಕೊಳೆತು ವಾಪಸ್ ಹೋಗುತ್ತದೆ. ಗಾಳಿ ಕಡಿಮೆ ಕೊಟ್ಟು ಇದ್ದಿಲು ಮಾಡಿದರೆ ಅದರಲ್ಲಿ ಒಂದು ಪಾಲು ಗಟ್ಟಿ ಇಂಗಾಲವಾಗಿ ಉಳಿಯುತ್ತದೆ. ಆ ಇದ್ದಿಲು ಇಸ್ತ್ರಿಪೆಟ್ಟಿಗೆಗೋ ಒಲೆಗೋ ಹೋದರೆ ಅವತ್ತೇ ಗಾಳಿಗೆ ಸೇರಿತು. ಪುಡಿ ಮಾಡಿ, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ತೆಂಗಿನ ಬುಡಕ್ಕೆ ಹಾಕಿದರೆ ಹೆಚ್ಚಿನ ಪಾಲು ನೂರಾರು ವರ್ಷ ಮಣ್ಣಲ್ಲೇ ಇರುತ್ತದೆ. ಅರಸೀಕೆರೆಯ ಮಳೆ ಕಡಿಮೆಯ ನೆಲದಲ್ಲಿ ಅದು ತೇವ ಹಿಡಿಯಲೂ ಆಗುತ್ತದೆ.

ಗುಂಡಿಯಿಂದ ದಟ್ಟ ಬಿಳಿ ಹೊಗೆ ಏಳುತ್ತಿದ್ದರೆ ಮಾತ್ರ ಎಚ್ಚರ. ಆ ಹೊಗೆಯಲ್ಲಿ ಮೀಥೇನ್ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆ. ಹೊಗೆಯನ್ನೇ ಮತ್ತೆ ಉರಿಸುವ ಡ್ರಮ್ಮಿನ ಒಲೆಗಳಿವೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ ಕೆಲಸ ಮಾಡುವ ಹೆಂಗಸರ ಕಣ್ಣು, ಎದೆಗೂ ಅದು ಒಳ್ಳೆಯದು.

ಪ್ರಶ್ನೆ: ಬಸಾಲ್ಟ್ ಕಲ್ಲಿನ ಪುಡಿ ಹೊಲಕ್ಕೆ ಹಾಕಿದರೆ ಗಾಳಿಯ ಕಾರ್ಬನ್ ಹೀರುತ್ತದಂತೆ, ಅದಕ್ಕೆ ದೊಡ್ಡ ಬಹುಮಾನವೂ ಬಂದಿದೆಯಂತೆ. ನಾವು ಕಾಫಿಗೆ ಹಾಕುವ ಸುಣ್ಣದ ಬದಲು ಕಲ್ಲುಪುಡಿ ಹಾಕಬಹುದೇ? ಹತ್ತಿರದ ಕ್ರಷರ್‌ನಲ್ಲಿ ರಾಶಿ ಬಿದ್ದಿದೆ, ಪುಕ್ಕಟೆ ಕೊಡುತ್ತಾರೆ.
— ಕಾಫಿ ಬೆಳೆಗಾರರು, ಆಲ್ದೂರು

ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ಸುದ್ದಿ ನಿಜ. 2025ರ ಏಪ್ರಿಲ್‌ನಲ್ಲಿ 5 ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಬಹುಮಾನ ಬಂದದ್ದು ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ. ಅವರು ನಮ್ಮ ದೇಶದ ಸಣ್ಣ ರೈತರ ಭತ್ತದ ಗದ್ದೆಗಳಿಗೆ ಬಸಾಲ್ಟ್ ಪುಡಿ ಹಾಕಿಸುತ್ತಾರೆ.

ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡು ತಟ್ಟೆ ಇಡಿ. ಒಂದರಲ್ಲಿ ತೋಟಕ್ಕೆ ಹಾಕುವ ಸುಣ್ಣದಕಲ್ಲಿನ ಪುಡಿ ಒಂದು ಚಮಚ, ಇನ್ನೊಂದರಲ್ಲಿ ಕ್ರಷರ್ ಪುಡಿ ಒಂದು ಚಮಚ. ಎರಡಕ್ಕೂ ನಿಂಬೆರಸ ಹಿಂಡಿ. ಸುಣ್ಣದಕಲ್ಲು ಬುರಬುರ ಎಂದು ನೊರೆ ಬರುತ್ತದೆ. ಕಿವಿ ಹತ್ತಿರ ತಂದರೆ ಸಣ್ಣಗೆ ಸದ್ದೂ ಕೇಳುತ್ತದೆ. ಆ ಗುಳ್ಳೆಗಳೇ ಕಾರ್ಬನ್ ಡೈಆಕ್ಸೈಡ್. ಇನ್ನೊಂದು ತಟ್ಟೆಯಲ್ಲಿ ಏನೂ ಆಗುವುದಿಲ್ಲ. ನಿಮ್ಮ ಹುಳಿ ಮಣ್ಣಿನಲ್ಲೂ ಇದೇ ನಡೆಯುತ್ತದೆ, ನಿಧಾನವಾಗಿ. ಒಂದು ಟನ್ ಸುಣ್ಣದಕಲ್ಲಿನಿಂದ ಹೆಚ್ಚೆಂದರೆ 440 ಕೆ.ಜಿ. ಅನಿಲ. ಗೂಡಿನಲ್ಲಿ ಸುಟ್ಟ ಸುಣ್ಣ ಹಾಕುವವರದು ಅಷ್ಟಾಗಿ ನೊರೆ ಬರುವುದಿಲ್ಲ. ಯಾಕೆಂದರೆ ಆ ಅನಿಲ ಗೂಡಿನಲ್ಲೇ ಹೋಗಿರುತ್ತದೆ.

ಹಾಗಂತ ಸುಣ್ಣ ನಿಲ್ಲಿಸಬೇಡಿ. ಮಣ್ಣು ಹುಳಿಯಾಗಿಯೇ ಇದ್ದರೆ ಹಾಕಿದ ಗೊಬ್ಬರ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಸಿಗುವುದಿಲ್ಲ ಅಂತ ಇನ್ನೂ ಜಾಸ್ತಿ ಹಾಕುತ್ತೀರಿ. ಮಿಕ್ಕ ಸಾರಜನಕದಲ್ಲಿ ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ಅದು 270 ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುವ ಅನಿಲ.

ಬಸಾಲ್ಟ್ ಮಾಡುವ ಕೆಲಸ ಬೇರೆ. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಿಲಿಕೇಟ್ ರೂಪದಲ್ಲಿದೆ, ಒಳಗೆ ಬಿಡಲು ಅನಿಲವೇ ಇಲ್ಲ. ಮಳೆನೀರಿಗೆ ಮಣ್ಣಿನ ಕಾರ್ಬನ್ ಡೈಆಕ್ಸೈಡ್ ಸೇರಿ ಸೌಮ್ಯ ಆಮ್ಲ ಆಗುತ್ತದೆ. ಅದು ಕಲ್ಲುಪುಡಿಯನ್ನು ಕರಗಿಸಿ ಬೈಕಾರ್ಬನೇಟ್ ಆಗುತ್ತದೆ. ಆ ನೀರು ಹಳ್ಳ ಸೇರಿ, ಹೊಳೆ ಸೇರಿ, ಕೊನೆಗೆ ಸಮುದ್ರ ಸೇರುತ್ತದೆ. ಸಮುದ್ರದಲ್ಲಿ ಅದು ಸಾವಿರಾರು ವರ್ಷ ಇರುತ್ತದೆ. ಮಣ್ಣಿನ ಹುಳಿಯೂ ಇಳಿಯುತ್ತದೆ. ಮಲೆನಾಡಿನ ಬಿಸಿ, ಮಳೆ ಎರಡೂ ಇದಕ್ಕೆ ಹೇಳಿಮಾಡಿಸಿದ ಹಾಗಿವೆ. ಒಂದು ಟನ್ ಬಸಾಲ್ಟ್ ಪೂರ್ತಿ ಕರಗಿದರೆ ಸುಮಾರು 300 ಕೆ.ಜಿ. ಅನಿಲ ಹಿಡಿಯಬಲ್ಲದು, ಆದರೆ ಅದು ವರ್ಷಾನುಗಟ್ಟಲೆ ನಡೆಯುವ ಕೆಲಸ. ಮಣ್ಣು ತುಂಬಾ ಹುಳಿಯಾಗಿದ್ದರೆ ಕಲ್ಲಿನ ಶಕ್ತಿಯಲ್ಲಿ ಒಂದು ಪಾಲು ಗೊಬ್ಬರದ ಆಮ್ಲ ತಣಿಸುವುದಕ್ಕೇ ಖರ್ಚಾಗುತ್ತದೆ, ಅಷ್ಟು ಕಡಿಮೆ ಹೀರುತ್ತದೆ.

ಈಗ ನಿಮ್ಮ ಪುಕ್ಕಟೆ ಪುಡಿ. ನಮ್ಮ ಹಾಸನ, ಚಿಕ್ಕಮಗಳೂರಿನ ಕ್ರಷರ್‌ಗಳಲ್ಲಿ ಒಡೆಯುವುದು ಹೆಚ್ಚಾಗಿ ಗ್ರಾನೈಟ್ ಮತ್ತು ಅದನ್ನೇ ಹೋಲುವ 'ನೈಸ್' (gneiss) ಎಂಬ ಕಲ್ಲು. ಬಸಾಲ್ಟ್ ಅಲ್ಲ. ಅದರಲ್ಲಿ ಬೆಣಚು ಜಾಸ್ತಿ, ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆ. ತೋಟಕ್ಕೆ ಹಾಕಿದರೆ ಕರಗುವುದು ಅಷ್ಟಕ್ಕಷ್ಟೇ. ಬೆಣಚಿನ ಸಣ್ಣ ಧೂಳು ಎದೆಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ವಾಸಿಯಾಗುವ ಔಷಧಿ ಇಲ್ಲ. ಆಳುಗಳ ಕೈಯಲ್ಲಿ ಒಣಪುಡಿ ಎರಚಿಸುವುದು ಬೇಡವೇ ಬೇಡ. ಯಾವ ಕಲ್ಲುಪುಡಿ ಆದರೂ ನೀರು ಚಿಮುಕಿಸಿ, ಮಾಸ್ಕ್ ಕೊಟ್ಟು ಕೆಲಸ ಮಾಡಿಸಿ.

ನಿಜವಾದ ದಖನ್ ಬಸಾಲ್ಟ್ ಇರುವುದು ಬೆಳಗಾವಿ, ವಿಜಯಪುರ, ಬೀದರ್ ಕಡೆ. ಲಾರಿಯಲ್ಲಿ ತರಿಸಿದರೆ? 400 ಕಿ.ಮೀ., ಲೀಟರಿಗೆ 4 ಕಿ.ಮೀ. ಅಂದರೆ ಬರುವಾಗಲೇ 100 ಲೀಟರ್ ಡೀಸೆಲ್. ಲೀಟರಿಗೆ 2.7 ಕೆ.ಜಿ.ಯಂತೆ 270 ಕೆ.ಜಿ. ಅನಿಲ. ಖಾಲಿ ವಾಪಸ್ ಹೋದರೆ ಅದೂ ಸೇರುತ್ತದೆ. ಹತ್ತು ಟನ್ ಲೋಡು ಪೂರ್ತಿ ಕರಗಿದರೂ ಹಿಡಿಯುವುದು 3,000 ಕೆ.ಜಿ. ಲೆಕ್ಕ ಇನ್ನೂ ಲಾಭದಲ್ಲೇ ಇದೆ, ಆದರೆ ಪುಡಿ ಮಾಡುವ ಕರೆಂಟು ಬೇರೆ ಇದೆ. ನಿಮ್ಮ ಜೇಬಿನ ಲೆಕ್ಕಕ್ಕೆ ಇದು ಸದ್ಯ ಆಗಿಬರುವುದಿಲ್ಲ.

ಹತ್ತಿರದಲ್ಲೇ ಬೇರೆ ಕಲ್ಲು ಇಲ್ವಾ ಎಂದರೆ, ಇದೆ. ಬಾಬಾಬುಡನ್‌ಗಿರಿ ಸಾಲಿನಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಲಾವಾ ಕಲ್ಲಿದೆ. ಆದರೆ ಅದು ಕಾಡು, ಹುಲ್ಲುಗಾವಲಿನ ಜಾಗ. ಕಲ್ಲಿಗಾಗಿ ಅದನ್ನು ಕೆಣಕುವ ಮಾತೇ ಬೇಡ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆ ಕ್ರೋಮೈಟ್ ಗಣಿಗಳಿದ್ದವಲ್ಲ, ಅಲ್ಲಿನ ಕಲ್ಲಿನಲ್ಲಿ ಮೆಗ್ನೀಷಿಯಂ ಬಹಳ. ಈ ಬಗೆಯ ಕಲ್ಲಿಗೆ ಅನಿಲ ಹಿಡಿಯುವ ಶಕ್ತಿ ಬಸಾಲ್ಟ್‌ಗಿಂತ ಜಾಸ್ತಿ. ಗಣಿಯ ಕಸವಾಗಿ ಬಿದ್ದ ರಾಶಿಯನ್ನು ಅಲ್ಲೇ ಇಟ್ಟು ಅನಿಲ ಹಿಡಿಯಲು ಬಳಸಬಹುದಾ ಎಂದು ನಮ್ಮ ವಿಜ್ಞಾನಿಗಳು ನೋಡಬೇಕು ಎಂಬುದು ನನ್ನ ಆಸೆ. ತೋಟಕ್ಕೆ ಮಾತ್ರ ತರಬೇಡಿ. ಅಂಥ ಕಲ್ಲಿನಲ್ಲಿ ನಿಕಲ್, ಕ್ರೋಮಿಯಂ ಇರುತ್ತವೆ, ಮಣ್ಣಿಗೆ ಸೇರಿದರೆ ತೆಗೆಯಲು ಬರುವುದಿಲ್ಲ.

ಈ ವರ್ಷಕ್ಕೆ ನೀವು ಮಾಡಬೇಕಾದದ್ದು ಇಷ್ಟು. ತೋಟದ ಬೇರೆ ಬೇರೆ ಬ್ಲಾಕಿನಿಂದ ಮಣ್ಣು ತೆಗೆದು ಕಾಫಿ ಮಂಡಳಿಯ ಕಡೆಯಿಂದ ಪರೀಕ್ಷೆ ಮಾಡಿಸಿ. ಪಿಎಚ್ (ಮಣ್ಣಿನ ಹುಳಿಯ ಅಳತೆ) ನೋಡಿಕೊಂಡು ಬೇಕಾದ ಬ್ಲಾಕಿಗೆ ಬೇಕಾದಷ್ಟೇ ಸುಣ್ಣ ಹಾಕಿ, ಇಡೀ ತೋಟಕ್ಕೆ ಒಂದೇ ಸಮ ಎರಚಬೇಡಿ. ಬಸಾಲ್ಟ್ ಪ್ರಯೋಗ ಮಾಡಲೇಬೇಕು ಅನ್ನಿಸಿದರೆ ಪುಡಿಯಲ್ಲಿ ಏನೇನಿದೆ ಎಂಬ ಲ್ಯಾಬ್ ವರದಿ ಮೊದಲು ತರಿಸಿಕೊಂಡು, ಒಂದೇ ಒಂದು ಸಣ್ಣ ತುಂಡು ಜಾಗದಲ್ಲಿ ಹಾಕಿ. ಪಕ್ಕದಲ್ಲೇ ಅಷ್ಟೇ ಜಾಗವನ್ನು ಏನೂ ಹಾಕದೆ ಬಿಡಿ. ಎರಡೂ ಕಡೆಯ ಮಣ್ಣಿನ ವರದಿ ಬಂದಾಗ ನನಗೂ ಒಂದು ಪ್ರತಿ ಕಳಿಸಿ, ಇದೇ ಅಂಕಣದಲ್ಲಿ ಹಾಕೋಣ.